ಯಾರ ಕಡೆಯ ಸೀನು?

ಕೆಳಗೆಲ್ಲೋ ಸ್ವಿಚ್ಚು ಚಟ್ ಅಂತು. ಅದರ ಹಿಂದೆಯೇ, ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ಸೀನಿದ ಹಾಗೆ ಒಂದು ಸದ್ದು.

ಟೀಚರ್ ಹಾಸಿಗೆಯ ಮೇಲೆ ಎದ್ದು ಕೂತಳು. ಎಲೆ ಅಲ್ಲಾಡಿದರೂ ಎಚ್ಚರವಾಗುವ ಜೀವ ಅವಳದು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಸದ್ದು ಬಂದದ್ದು ಕೆಳಗಿನ ಫೋಟೊ ಸ್ಟುಡಿಯೋದಿಂದ. ಕಳ್ಳನಾದರೆ ದೀಪ ಹಾಕಿಕೊಂಡು ಸೀನುತ್ತ ಕೂರುವುದಿಲ್ಲ. ಮಗಳೇ ಇರಬೇಕು, ಪಾಪ, ಊಟದ ಹೊತ್ತಿನ ಜಗಳಕ್ಕೆ ನಿದ್ದೆ ಬಂದಿರಲಿಕ್ಕಿಲ್ಲ ಅಂದುಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದಳು.

ಬೆಳಗಾದರೆ ಸ್ಟುಡಿಯೋಗೆ ಐವತ್ತು ತುಂಬುತ್ತದೆ. ಮನೆಯವರೆಲ್ಲ ಸೇರಿ ಒಂದು ಫೋಟೊ ಆಗಬೇಕು. ಮನೆಯವರಲ್ಲಿ ಯಾರು ಆ ಫೋಟೊ ತೆಗೆಯುತ್ತಾರೋ ಅವರಿಗೇ ಮುಂದೆ ಸ್ಟುಡಿಯೋ ಬೀಗದ ಕೈ. ಮಾವನಿಂದ ಗಂಡನಿಗೆ ಅದು ಬಂದದ್ದೂ ಹಾಗೆಯೇ. ಫೋಟೊಗ್ರಫಿ ಕಲಿತು ಬಂದ ಮಗಳು ಕ್ಯಾಮೆರಾ ತನಗೇ ಕೊಡಿ ಅಂದರೆ ಊಟದ ಹೊತ್ತಿಗೆ ಅತ್ತೆ ಸುತರಾಂ ಒಪ್ಪಿರಲಿಲ್ಲ.

"ಜೋರು ಬೆಳಕು ಬಿದ್ರೆ ಸಾಕು, ಆಕ್ಷೀ ಅಂತಾಳೆ. ಗಿರಾಕಿ ನಗೋ ಹೊತ್ತಿಗೆ ಇವಳು ಸೀನಿದ್ರೆ ಫೋಟೊದಲ್ಲಿ ಏನ್ ಬರುತ್ತೆ? ಹೊರಗಿನವನನ್ನ ಕರೆಸಿ. ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ ರೋಗ ಇದು."

"ಅಜ್ಜಿ, ಅಪ್ಪನೂ ಬಿಸಿಲಿಗೆ ಹೋದ್ರೆ ಸೀನ್ತಾರಲ್ಲ?"

"ಮದುವೆಗೆ ಮುಂಚೆ ಸೀನ್ತಿರಲಿಲ್ಲ. ನಿಮ್ಮಮ್ಮನಿಂದ ಅಂಟಿದ್ದು."

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವ ಟೀಚರ್‌ಗೆ ತಡೆಯಲಾಗಲಿಲ್ಲ. "ಇದು ಶೀತ ಅಲ್ಲ ಅತ್ತೆ, ಅಂಟೋಕೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಇದರ ಜೀನ್ ಬಂದ್ರೂ ಸಾಕು, ಮಗು ಸೀನುತ್ತೆ. ಬರೋದು ಬಿಡೋದು ನಾಣ್ಯ ಚಿಮ್ಮಿದ ಹಾಗೆ. ನನಗೂ ಇಲ್ಲ, ನನ್ನ ಅಪ್ಪ ಅಮ್ಮಂಗೂ ಇಲ್ಲ. ಅಂದ್ರೆ ಮಗಳಿಗೆ ಇವರಿಂದ, ಇವರಿಗೆ ಮಾವನಿಂದಲೋ ಏನೋ..."

"ಸತ್ತವರ ಮೂಗಿನ ತಂಟೆಗೆ ಬರಬೇಡ!" ಅತ್ತೆ ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟಿದ್ದರು. "ನಂದು ಬರೀ ಧೂಳಿನ ಅಲರ್ಜಿ" ಎಂದ ಗಂಡ, ಎರಡೂ ಕಡೆಯಿಂದ ಬೈಸಿಕೊಂಡ.

ಸ್ಟುಡಿಯೋ ಬಾಗಿಲು ಓರೆಯಾಗಿತ್ತು. ಒಳಗೆ ಕಗ್ಗತ್ತಲು. ಮತ್ತೆ ಚಟ್ ಅಂತು, ದೀಪ ಹತ್ತಿತು. ದೊಡ್ಡ ದೀಪದ ಎದುರು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತಿದ್ದವರು ಮಗಳಲ್ಲ, ಅತ್ತೆ! ನಾಳೆಗೆಂದು ತೆಗೆದಿಟ್ಟ ನೀಲಿ ಶಾಲು ಹೊದ್ದು, ತಲೆ ಬಾಚಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು. ಬೆಳಕು ಮುಖಕ್ಕೆ ಹೊಡೆದದ್ದೇ ತಡ, ಶಾಲಿನ ತುದಿ ಬಾಯಿಗೆ ಹೋಯಿತು, ಮೈಯೆಲ್ಲ ಕುಲುಕಿತು. "ಥೂ, ಹಾಳು ಮೂಗು" ಎಂದು ಗೊಣಗಿ ದೀಪ ಆರಿಸಿದರು. ಸ್ವಲ್ಪ ತಡೆದು ಮತ್ತೆ ಹಾಕಿದರು. ಮತ್ತೆ ಸೀನು.

ಜೀವಮಾನವಿಡೀ ಡಾರ್ಕ್‌ರೂಮಿನ ಕೆಂಪು ಬಲ್ಬಿನ ಕೆಳಗೆ ಊರಿನ ಮದುವೆಗಳನ್ನೆಲ್ಲ ತೊಳೆದು ಒಣಗಿಸಿದ ಹೆಂಗಸು. ಮನೆಯವರು ಫೋಟೊಗೆ ನಿಂತಾಗಲೆಲ್ಲ "ನನಗೆ ಒಳಗೆ ಕೆಲಸ ಇದೆ, ನೀವು ನಿಂತ್ಕೊಳ್ಳಿ" ಎಂದು ನುಣುಚಿಕೊಂಡವರು. ಗೋಡೆಯ ತುಂಬ ಇದ್ದ ಫೋಟೊಗಳಲ್ಲಿ ಒಂದರಲ್ಲೂ ಅವರಿಲ್ಲ. ಅದನ್ನೆಲ್ಲ ಟೀಚರ್ ನಾಚಿಕೆ ಅಂದುಕೊಂಡಿದ್ದಳು!

ಒಂದು ಕ್ಷಣ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಮೇಲಿನವರಿಬ್ಬರನ್ನೂ ಎಬ್ಬಿಸಿ ತಂದು ನಿಲ್ಲಿಸಿದರೆ ಮುಗಿಯಿತು. ಮಗಳಿಗೆ ಕ್ಯಾಮೆರಾ, ತನಗೆ ಗೆಲುವು. ಅಷ್ಟರಲ್ಲಿ ಅತ್ತೆ ಮೂಗೊರೆಸಿಕೊಂಡು, ಶಾಲು ಸರಿಮಾಡಿಕೊಂಡು, ಎದುರಿಗೆ ಸುಮ್ಮನೆ ನಿಂತಿದ್ದ ಕ್ಯಾಮೆರಾ ನೋಡಿ ಹಲ್ಲು ಕಾಣುವಂತೆ ನಕ್ಕರು. ಆ ನಗು ನೋಡಿ ಅವಳ ಹುರುಪೆಲ್ಲ ಜರ್ರನೆ ಇಳಿದುಹೋಯಿತು. ಹಿಂದೆ ಸರಿಯಲು ಹೋದಳು. ಬಾಗಿಲು ಕಿರ್ರೆಂದಿತು.

"ಯಾರದು?" ದೀಪ ಆರಿತು.

"ನಾನು ಅತ್ತೆ. ನೀರು ಕುಡಿಯೋಕೆ ಬಂದೆ."

"ನೀರು ಮೇಲಿದೆ. ಇಲ್ಲಿರೋದು ಧೂಳು. ನಿನ್ನ ಗಂಡ ಒರೆಸಿದ್ರೆ ತಾನೆ!"

ಟೀಚರ್ ಬಾಗಿಲ ಹೊರಗೇ ನಿಂತು ಒಂದೊಂದೇ ಮಾತು ಆರಿಸಿ ಆಡಿದಳು. "ನೀವು ಹೇಳಿದ್ದೇ ಸರಿ ಅನ್ಸುತ್ತೆ ಅತ್ತೆ. ಜೋರು ಬೆಳಕಿಗೆ ನನಗೂ ಮೂಗು ಕೆರೆಯುತ್ತೆ, ಹೇಳಿರಲಿಲ್ಲ. ಹೊರಗಿನವನು ದೀಪ ನೇರ ಮುಖಕ್ಕೇ ಹಿಡೀತಾನೆ. ನಿಮ್ಮ ಮೊಮ್ಮಗಳಾದ್ರೆ ಗೋಡೆ ಕಡೆ ತಿರುಗಿಸ್ತಾಳೆ, ಬೆಳಕು ಅಲ್ಲಿಂದ ಮೆತ್ತಗೆ ಬರುತ್ತೆ. ತನಗೆ ಆಗಲ್ಲ ನೋಡಿ, ಅದಕ್ಕೇ ಕಲ್ತಿದ್ದಾಳೆ."

ಕತ್ತಲು ಕೇಳಿತು: "ಆಗ ಸೀನು ಬರಲ್ವಾ?"

"ಅವಳಿಗೆ ಬರಲ್ಲ."

"ಸರಿ, ಅವಳೇ ತೆಗೀಲಿ. ನಿನಗೋಸ್ಕರ ಒಪ್ಕೊಂಡಿದ್ದು, ನೆನಪಿಟ್ಕೋ."

ಬೆಳಿಗ್ಗೆ ಮಗಳು ದೀಪಗಳನ್ನೆಲ್ಲ ಗೋಡೆಗೆ ತಿರುಗಿಸಿದಳು. ನೀಲಿ ಶಾಲು ನಟ್ಟನಡುವೆ ಕೂತಿತು, ಅಲ್ಲಾಡಲಿಲ್ಲ. ಕ್ಲಿಕ್ ಆದ ಮೇಲೆ ಅತ್ತೆ ಬೀಗದ ಕೈಯನ್ನು ಮೊಮ್ಮಗಳ ಕೈಯಲ್ಲಿಟ್ಟು, ಎಲ್ಲರಿಗಿಂತ ಮುಂದೆ ಗತ್ತಿನಿಂದ ಬೀದಿಗೆ ನಡೆದರು.

ಹೊರಗೆ ಕಣ್ಣು ಕೋರೈಸುವ ಬಿಸಿಲು. ಮಗಳು ಸೀನಿದಳು. ಗಂಡ ಸೀನಿದ. ಅತ್ತೆ ಬೋರ್ಡಿನ ಮರೆಗೆ ಸರಿದು ಮುಖಕ್ಕೆ ಶಾಲು ಒತ್ತಿಕೊಂಡರು. ಶಾಲು ಒಮ್ಮೆ ನೆಗೆದು ಬಿತ್ತು. ಆಮೇಲೆ ಈಚೆ ಬಂದು ಮಗನಿಗೆ ಹೇಳಿದರು: "ಕೇಳಿಸ್ಕೊಂಡ್ಯಾ? ಸೀನು ತನ್ನ ಕಡೇದೇ ಅಂತ ರಾತ್ರಿ ನಿನ್ನ ಹೆಂಡ್ತಿನೇ ಒಪ್ಕೊಂಡ್ಲು."

"ಹೌದೇನೇ?" ಎಂದ ಗಂಡ.

ಟೀಚರ್, ರಾತ್ರಿ ಕಂಡದ್ದನ್ನು ಯಾರಿಗೂ ಹೇಳಬಾರದು, ಕ್ಲಾಸಿನ ಮಕ್ಕಳಿಗೂ, ಎಂದು ತೀರ್ಮಾನಿಸಿ, ಸೂರ್ಯನ ಕಡೆ ಮುಖ ಎತ್ತಿ, ಬೀದಿಗೆಲ್ಲ ಕೇಳುವ ಹಾಗೆ ಒಂದು ಸುಳ್ಳು ಸೀನು ಸೀನಿದಳು.