ಎರಡು ವರ್ಷದ ಓದು

"ಒಂದೇ ಒಂದು ಪರೀಕ್ಷೆಗೆ ಎರಡು ವರ್ಷ ಓದಬೇಕಂತೆ, ನಂಬ್ತೀರಾ?" ಎಂದರು ಕನ್ನಡಕದ ಅಂಗಡಿಯ ಮಾಲೀಕರು, ಮದುವೆಯ ಮಾತಿಗೆ ತಾಯಿಯೊಡನೆ ಬಂದಿದ್ದ ಹುಡುಗನ ಕಡೆ ಬಿಸ್ಕತ್ತಿನ ತಟ್ಟೆ ಸರಿಸುತ್ತ. "ಬಿಸಿನೆಸ್ ಕಾಲೇಜಿನ ಪ್ರವೇಶ ಪರೀಕ್ಷೆ. ಅದು ಮುಗಿಯೋವರೆಗೆ ಮದುವೆ ಸುದ್ದೀನೇ ಎತ್ತಬೇಡಿ ಅಂತಾಳೆ ನನ್ನ ಮಗಳು."

"ಅಯ್ಯೋ, ನಮ್ಮವನು ಪಾಠ ಹೇಳ್ಕೊಡೋದೇ ಆ ಪರೀಕ್ಷೆಗೆ!" ಹುಡುಗನ ತಾಯಿ ಕುರ್ಚಿಯ ಅಂಚಿಗೆ ಬಂದರು. "ಮೂರೇ ಮೂರು ಪ್ರಶ್ನೆ ಕೇಳಿ, ನಿನಗೆ ಇಷ್ಟು ತಿಂಗಳು ಬೇಕು ಅಂತ ಹೇಳಿಬಿಡ್ತಾನೆ. ಒಂದು ವಾರ ಆಚೀಚೆ ಆಗಲ್ಲ."

ಚಹಾ ಬಗ್ಗಿಸುತ್ತಿದ್ದ ಮಗಳ ಕೈ ನಿಂತಿತು. ಹುಡುಗ ಮೇಷ್ಟರು ಎಂದಷ್ಟೇ ಅವಳಿಗೆ ಹೇಳಿದ್ದರು. ಎರಡು ವರ್ಷ ಎಂದರೆ ಬಂದವರು ತಾವಾಗಿಯೇ ಎದ್ದು ಹೋಗುತ್ತಾರೆ ಎಂಬುದು ಅವಳ ಲೆಕ್ಕ. ಹಿಂದೆ ನೋಡಲು ಬಂದಿದ್ದ ಇಬ್ಬರು ಹುಡುಗರು ಹಾಗೆಯೇ ಎದ್ದು ಹೋಗಿದ್ದರು.

"ಹಾಗಾದ್ರೆ ಕೇಳೇಬಿಡಿ," ಎಂದರು ಮಾಲೀಕರು.

"ಭಾನುವಾರ ನನಗೆ ರಜ, ಸರ್."

"ಕೇಳೋ, ಬಾಯಿ ಸವೆದು ಹೋಗುತ್ತಾ?" ಎಂದರು ತಾಯಿ.

ಹುಡುಗ ಲೋಟ ಕೆಳಗಿಟ್ಟು ಕೇಳಿದ. ನೂರರ ಫ್ರೇಮಿಗೆ ಮೊದಲು ಶೇಕಡ ಹತ್ತು ಏರಿಸಿ, ಆಮೇಲೆ ಶೇಕಡ ಹತ್ತು ಇಳಿಸಿದರೆ ಎಷ್ಟಾಗುತ್ತೆ? "ನೂರೇ," ಎಂದಳು ಮಗಳು. ಮಾಲೀಕರು ತಲೆದೂಗಿದರು. ಹೋಗುವಾಗ ಗಂಟೆಗೆ ಮೂವತ್ತು ಕಿಲೋಮೀಟರು, ಅದೇ ದಾರಿಯಲ್ಲಿ ಬರುವಾಗ ಅರವತ್ತು, ಸರಾಸರಿ? "ನಲವತ್ತೈದು." ಮಾಲೀಕರು ಮತ್ತೆ ತಲೆದೂಗಿದರು. ಐದು ಯಂತ್ರ ಐದು ನಿಮಿಷದಲ್ಲಿ ಐದು ಗಾಜು ಉಜ್ಜಿದರೆ, ನೂರು ಯಂತ್ರ ನೂರು ಗಾಜು ಉಜ್ಜಲು... "ನೂರು ನಿಮಿಷ," ಎಂದಳು, ಪ್ರಶ್ನೆ ಮುಗಿಯುವ ಮೊದಲೇ. ಇದು ತಮ್ಮ ಕಸುಬಿನ ವಿಷಯವಾದ್ದರಿಂದ ಮಾಲೀಕರು ಈ ಸಲ ಸ್ವಲ್ಪ ಜೋರಾಗಿಯೇ ತಲೆದೂಗಿದರು.

"ಮೂರೂ ತಪ್ಪು," ಎಂದ ಹುಡುಗ.

ಮಾಲೀಕರ ತಲೆ ಅಲ್ಲೇ ನಿಂತಿತು.

ಹುಡುಗ ಆಗ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಗೊತ್ತಿಲ್ಲದವರು ತಡವರಿಸುತ್ತಾರೆ, ಬೆರಳು ಮಡಿಸುತ್ತಾರೆ, ಒಂದೊಂದು ಸಲ ಕಣ್ಣುಮುಚ್ಚಿ ಸರಿ ಉತ್ತರವನ್ನೇ ಹೇಳಿಬಿಡುತ್ತಾರೆ. ಪ್ರಶ್ನೆ ಮಾಡಿದವರು ತೋಡಿಟ್ಟ ಮೂರು ಹಳ್ಳಕ್ಕೂ ಹೀಗೆ ನೆಟ್ಟಗೆ ನಡೆದುಹೋಗಿ ಬೀಳಬೇಕಾದರೆ ಹಳ್ಳ ಎಲ್ಲಿದೆ ಎಂದು ಮೊದಲೇ ಗೊತ್ತಿರಬೇಕು. ಅವನು ಒಂದು ಗುಟುಕು ಚಹಾ ಕುಡಿದ.

"ನಿಮ್ಮ ಮಗಳು ಹೇಳಿದ್ದು ಸರಿ, ಸರ್. ಎರಡು ವರ್ಷ ಬೇಕು."

"ಏನೋ ಇದು?" ತಾಯಿಗೆ ಗಾಬರಿಯಾಯಿತು. "ಕೂಡೋದು ಕಳೆಯೋದು ಬರದ ಹುಡುಗನಿಗೂ ಎಂಟು ತಿಂಗಳು ಸಾಕು ಅಂದವನು ನೀನು!"

"ಇದು ಸ್ವಲ್ಪ ಕಷ್ಟದ ಕೇಸು, ಅಮ್ಮ."

ಮಗಳು ಕೃತಜ್ಞತೆಯಿಂದ ನೋಡಿದಳು. ಸ್ವಲ್ಪ ಸಿಟ್ಟಿನಿಂದಲೂ ನೋಡಿದಳು.

ಮಾಲೀಕರು ನಿಟ್ಟುಸಿರು ಬಿಟ್ಟರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆಗದೇ ಇರೋದಕ್ಕೆ ಎರಡು ವರ್ಷ ಯಾಕಮ್ಮ ಒದ್ದಾಡ್ತೀಯ? ಪರೀಕ್ಷೆ ಬಿಟ್ಟುಬಿಡು, ಪುಟ್ಟಿ. ಮುಂದಿನ ತಿಂಗಳೇ ಮದುವೆ ಇಟ್ಕೊಳ್ಳೋಣ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅವರು ತಲೆ ಸವರಿದರು.

ಹುಡುಗ ಚಹಾದಲ್ಲಿ ಅದ್ದಿದ್ದ ಬಿಸ್ಕತ್ತು ಮುರಿದು ಲೋಟದೊಳಗೆ ಮುಳುಗಿತು.

ಮಗಳು ಚಹಾದ ಪಾತ್ರೆ ಕೆಳಗಿಟ್ಟಳು. "ತೊಂಬತ್ತೊಂಬತ್ತು. ನಲವತ್ತು. ಐದು ನಿಮಿಷ."

"ಏನಮ್ಮ ಅದು?"

"ಮೂರು ಪ್ರಶ್ನೆಗಳ ಉತ್ತರ, ಅಪ್ಪ. ಬೇಕಂತಲೇ ತಪ್ಪು ಹೇಳಿದೆ. ಓದೋಕೆ ಎರಡು ತಿಂಗಳು ಸಾಕು. ಎರಡು ವರ್ಷ ಹಿಡಿಯೋದು ಆಮೇಲೆ, ಕಾಲೇಜಲ್ಲಿ. ಅದೂ ಬೇರೆ ಊರಲ್ಲಿ. ಹೋಗ್ತೀನಿ ಅಂತ ಹೇಳೋಕೆ ಧೈರ್ಯ ಬರಲಿಲ್ಲ."

ಮಾಲೀಕರು ಹುಡುಗನ ಕಡೆ ತಿರುಗಿದರು.

"ಈಗ ಹೇಳಿದ್ದು ಸರೀನಾ?"

"ಮೂರೂ ಸರಿ, ಸರ್."

"ಕಾಗದ ಪೆನ್ನು ಇಲ್ದೇನೇ?"

"ಇಲ್ದೇನೇ. ಎರಡು ತಿಂಗಳೂ ಬೇಡ. ಆರು ವಾರ ಸಾಕು."

ಮಾಲೀಕರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಗಿರಾಕಿಗಳು ಹಾಗೆ ಒರೆಸಿದರೆ, ಗಾಜಿಗೆ ಗೀರು ಬೀಳುತ್ತದೆ ಎಂದು ಅವರು ಗದರುವುದುಂಟು. ಅವರ ಒರೆಸುವಿಕೆ ಮುಗಿಯುವಂತೆ ಕಾಣದಿದ್ದಾಗ ಹುಡುಗನ ತಾಯಿಯೇ ಎದ್ದರು. "ನಡಿಯೋ, ನಿನ್ನ ಭಾನುವಾರ ಮುಗೀತು." ಬಾಗಿಲಲ್ಲಿ ಹುಡುಗ ಹಿಂದೆ ತಿರುಗಿ, "ಹಳೇ ಪ್ರಶ್ನೆಪತ್ರಿಕೆ ಬೇಕಿದ್ರೆ ಕಳಿಸ್ತೀನಿ," ಎಂದ. "ಸ್ವಲ್ಪ ಕಷ್ಟದ್ದೇ ಕಳಿಸಿ," ಎಂದಳು ಅವಳು.

ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಮಾಲೀಕರ ಅಕ್ಕನ ಫೋನು ಬಂತು. ಬೆಳಗಿನಿಂದ ಕಾಯುತ್ತಿದ್ದ ಆಕೆಯ ದನಿ ಕೋಣೆಗೆಲ್ಲ ಕೇಳಿಸಿತು.

"ಏನಾಯ್ತೋ? ಹುಡುಗ ಒಪ್ಪಿದನಾ?"

"ಅಕ್ಕಾ, ಮೂರಕ್ಕೆ ಮೂರೂ ಸರಿ ಹೇಳಿದಳು! ಬಾಯಲ್ಲೇ! ನಾನು ಮೂರಕ್ಕೂ ತಪ್ಪಿದೆ ಕಣೇ. ಇನ್ನು ಆರು ವಾರ ಅವಳು ಓದೋದಷ್ಟೇ, ಅಂಗಡಿ ಕಡೆ ತಲೆ ಹಾಕೋ ಹಾಗಿಲ್ಲ."

"ಹುಡುಗ ಒಪ್ಪಿದನಾ ಅಂತ ಕಣೋ ನಾನು ಕೇಳಿದ್ದು!"

ಮಾಲೀಕರು ಫೋನಿಗೆ ಅಂಗೈ ಮುಚ್ಚಿ ಮಗಳ ಕಡೆ ನೋಡಿದರು.

"ಪುಟ್ಟಿ, ಅದನ್ನ ನಾವು ಕೇಳಿದ್ವಾ?"