ಬೇರೆ ನಂಬರಿನ ಬೋಲ್ಟ್

ಕ್ರೇಮರ್ ತನ್ನ ಅಂಗಡಿಯ ಮೇಜಿನ ಮೇಲೆ ಗೋಣಿಚೀಲ ಹಾಸಿ ಮೂರು ಹಳೆಯ ಮೌಸರ್ ರೈಫಲ್‌ಗಳನ್ನು ಸಾಲಾಗಿ ಮಲಗಿಸಿದ. ಮೂರೂ ಒಂದು ಕಾಲಕ್ಕೆ ಅರ್ಜೆಂಟೀನಾದ ಸೇನೆಯಲ್ಲಿದ್ದವು. ಈಗ ಅವುಗಳಲ್ಲಿ ಒಂದರ ನಳಿಕೆ ಬದಲಿಸಿ, ಅಕ್ರೋಟು ಮರದ ಹೊಸ ಹಿಡಿ ಕೂರಿಸಿ, ಓವಿದಿಯೊನ ಅಳತೆಗೆ ಸರಿಯಾಗಿ ಬೇಟೆಯ ಬಂದೂಕು ಮಾಡಿಕೊಡಬೇಕಿತ್ತು. ಗಂಡು ಸಾರಂಗಗಳು ಕೂಗುವ ಕಾಲ ಬರುವುದರೊಳಗೆ ಅದು ಕೈಗೆ ಸಿಗಬೇಕೆಂದು ಓವಿದಿಯೊ ತುದಿಗಾಲಲ್ಲಿ ನಿಂತಿದ್ದ.

“ಬೇಗ ಆರ್ಸೋ! ಹೆಂಡ್ತೀನ ಆರಿಸ್ಕೊಳ್ಳೋವಾಗ್ಲೂ ನೀನು ಇಷ್ಟು ಹೊತ್ತು ತಗೊಂಡಿರ್ಲಿಲ್ಲ,” ಎಂದು ಒಲೆಯ ಪಕ್ಕದ ಕುರ್ಚಿಯಿಂದ ರುಫಿನೊ ಕಾಲೆಳೆದ. ಓವಿದಿಯೊನ ಮಗಳಿಗೆ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ನಿಂತವನು ಅವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ. ಬೇಟೆಗೂ ಜೊತೆ, ಕುಡಿತಕ್ಕೂ ಜೊತೆ.

ಮೊದಲನೆಯ ರೈಫಲ್ಲಿನ ಒಳಗೆಲ್ಲ ತುಕ್ಕು ಕೊರೆದಿತ್ತು. ಎರಡನೆಯದಕ್ಕೆ ಯಾವನೋ ದುರ್ಬೀನು ಕೂರಿಸಲು ಹೋಗಿ ಸೊಟ್ಟಸೊಟ್ಟ ತೂತು ಹಾಕಿದ್ದ. ಮೂರನೆಯದನ್ನು ಎತ್ತಿಕೊಂಡ ಓವಿದಿಯೊ ಹಾಗೇ ನಿಂತುಬಿಟ್ಟ. ಹಿಡಿಯ ಮೇಲೆ ಮುಳ್ಳುತಂತಿ ಗೀರಿದ ಗುರುತು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಕಂಪಾದ್ರೆ, ಇದು ನಿಂದಲ್ವಾ?”

“ನಂದೇ ಆಗಿತ್ತು. ಹೋದ ವಾರ ತಂದು ಈ ರಷ್ಯನ್‌ಗೆ ಒಪ್ಪಿಸ್ದೆ, ಯಾರಿಗಾದ್ರೂ ಕೊಡು ಅಂತ.” ಕ್ರೇಮರ್‌ನ ಅಜ್ಜ ವೋಲ್ಗಾ ನದಿಯ ಕಡೆಯಿಂದ ಬಂದ ಜರ್ಮನ್, ಲಾ ಪಾಂಪಾ ಪ್ರಾಂತ್ಯದ ಜನರ ಬಾಯಲ್ಲಿ ಅಂಥವರೆಲ್ಲ ರಷ್ಯನ್ನರೇ. “ಎರಡು ವರ್ಷದಿಂದ ಇಟ್ಟ ಗುರಿ ಒಂದೂ ತಾಗ್ಲಿಲ್ಲ. ಟ್ರಿಗರ್ ಒತ್ತೋ ಹೊತ್ಗೆ ಕೈ ನಡುಗುತ್ತೋ ಏನೋ, ನಂಗಂತೂ ಗೊತ್ತಾಗಲ್ಲ. ಹೋದ ಸಲ ಆ ಸಾರಂಗದ ಹೊಟ್ಟೆಗೆ ಹೊಡ್ದೆನಲ್ಲ, ಅದು ಪೊದೆ ಒಳಗೆ ನರಳ್ತಾ ಹೋಗಿದ್ದು ಇನ್ನೂ ಕಿವೀಲಿದೆ. ಸಾಕು ಮಾರಾಯ. ಇನ್ಮೇಲೆ ಬಿಡಾರದಲ್ಲಿ ಮಾಂಸ ಸುಡೋದು ನಾನು, ಹೊಡೆಯೋದು ನೀನು.”

ತಮಾಷೆಗೆಂಬಂತೆ ಹೇಳಿದನಾದರೂ ಹೇಳುವಾಗ ಅವನು ಬಂದೂಕಿನ ಕಡೆ ನೋಡಲಿಲ್ಲ.

ಕ್ರೇಮರ್ ಗುಂಡಿನ ಹಿಂದೆ ನಳಿಕೆಯನ್ನು ಮುಚ್ಚುವ ಉಕ್ಕಿನ ಬೋಲ್ಟನ್ನು ಹಿಂದಕ್ಕೆಳೆದು ಹೊರತೆಗೆದು, ಕನ್ನಡಕ ಹಣೆಗೇರಿಸಿ ಕಣ್ಣ ಹತ್ತಿರ ಹಿಡಿದ. “ಮೂರರಲ್ಲಿ ಇದರ ಮೈಯೇ ಚೆನ್ನಾಗಿರೋದು. ಆದ್ರೆ ಬೋಲ್ಟ್ ಇದರದ್ದಲ್ಲ. ಮೈಮೇಲಿರೋ ನಂಬರೇ ಬೇರೆ, ಇದರಲ್ಲಿ ಕೊನೆಗೆ ಸೊನ್ನೆ ಎಂಟು ಅಂತಿದೆ. ಸವೆದೂ ಹೋಗಿದೆ, ಸಡಿಲ ಕೂರುತ್ತೆ. ಹೀಗಿದ್ರೆ ಗುಂಡು ಒಂದೊಂದ್ಸಲ ಒಂದೊಂದು ಕಡೆ ಹೋಗದೆ ಇನ್ನೇನು? ಸ್ವಂತ ಬೋಲ್ಟ್ ಸಿಕ್ಕಿದ್ರೆ ನಿನ್ನ ಕೆಲಸಕ್ಕೆ ಇದನ್ನ ಮೀರಿಸಿದ್ದಿಲ್ಲ. ಆದ್ರೆ ಅದನ್ನ ಎಲ್ಲೀಂತ ಹುಡುಕೋದು?”

“ಸೇನೆಯೋರೇ ಅದಲು ಬದಲು ಮಾಡಿರ್ಬೇಕು ಬಿಡು,” ರುಫಿನೊ ನಕ್ಕ. “ನನ್ನ ಸಮಾಧಾನಕ್ಕೆ ಪಾಪ ಬಂದೂಕಿನ ಮೇಲೆ ಗೂಬೆ ಕೂರಿಸ್ಬೇಡ, ರಷ್ಯನ್. ನಮ್ಮಪ್ಪನ ಕಾಲದಿಂದ ನೆಟ್ಟಗೆ ಹೊಡೆದ ಬಂದೂಕು ಅದು.”

ಸೊನ್ನೆ ಎಂಟು ಎಂದು ಮುಗಿಯುವುದು ಓವಿದಿಯೊನ ಮನೆಯಲ್ಲಿದ್ದ ಹಳೆಯ ಮೌಸರ್‌ನ ನಂಬರು. ಎರಡು ವರ್ಷದ ಹಿಂದೆ ಬೇಟೆಯ ಬಿಡಾರದಲ್ಲಿ ಇಬ್ಬರೂ ಒಂದೇ ಟಾರ್ಪಾಲಿನ ಮೇಲೆ ಬಂದೂಕು ಬಿಚ್ಚಿ ಒರೆಸಿದ್ದರು. ಹೊಟ್ಟೆಯಲ್ಲಿ ವೈನು, ಮುಂದೆ ಒಂದೇ ಥರದ ಎರಡು ಬೋಲ್ಟು. ಇವನದು ಅವನಿಗೆ, ಅವನದು ಇವನಿಗೆ ಹೋಯಿತು. ಮನೆಗೆ ಬಂದ ಮೇಲೆ ಓವಿದಿಯೊ ನಂಬರು ನೋಡಿದ್ದ. ಮೊದಲಿನಿಂದಲೂ ಲೊಡಲೊಡ ಎನ್ನುತ್ತಿದ್ದ ತನ್ನ ಬಂದೂಕು ಈಗ ಗಟ್ಟಿಯಾಗಿ ಮುಚ್ಚಿಕೊಂಡು ಇಟ್ಟಲ್ಲಿಗೇ ಹೊಡೆಯುವುದನ್ನೂ ನೋಡಿದ್ದ. ಮುಂದಿನ ಸಲ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡ. ಮುಂದಿನ ಸಲ ರುಫಿನೊನ ಗುಂಡು ಮರಕ್ಕೆ ಬಡಿದಾಗ, “ಹೆಂಡ್ತಿ ಕನ್ನಡಕ ಹಾಕ್ಕೊಂಡು ಬಾ, ಕಂಪಾದ್ರೆ,” ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.

ಹೋಗಲಿ, ಈಗಲಾದರೂ ಅವನಿಗೆ ಮೊದಲು ಸ್ನೇಹಿತನ ಮುಖ ಕಾಣಬೇಕಿತ್ತು. ಕಾಣಲಿಲ್ಲ. ಬೋಲ್ಟ್ ತನ್ನ ಮನೆಯಲ್ಲಿದೆ, ಮೈ ಇಲ್ಲಿದೆ, ಎರಡೂ ಸೇರಿದರೆ ನಂಬರಿಗೆ ನಂಬರು ಕೂಡುತ್ತದೆ ಎಂಬ ಯೋಚನೆ ಮೊದಲು ಬಂತು, ಅದರ ಬೆನ್ನಿಗೇ ಸಂತೋಷವೂ ಬಂತು. ಆ ಸಂತೋಷ ಕಂಡು ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು, ರುಫಿನೊ ಮತ್ತೆ ಬೇಟೆಗಾರನಾಗುತ್ತಿದ್ದ.

“ಕಂಪಾದ್ರೆ, ಆ ಬೋಲ್ಟು...” ಎಂದು ಬಾಯಿ ತೆರೆದ.

“ಹೂಂ, ಏನು?” ರುಫಿನೊ ತಲೆಯೆತ್ತಿದ. ಕ್ರೇಮರ್ ಕೂಡ ಅವನತ್ತ ತಿರುಗಿದ.

“ಹುಡುಕಿದ್ರೆ ಎಲ್ಲಾದ್ರೂ ಸಿಗುತ್ತೆ ಬಿಡಿ,” ಎಂದ ಓವಿದಿಯೊ. “ಇದೇ ಇರ್ಲಿ.”

ರುಫಿನೊ ಎದ್ದೇಬಿಟ್ಟ. “ಒಳ್ಳೇ ಕೆಲ್ಸ ಮಾಡ್ದೆ ಕಣೋ! ಯಾರೋ ಗೊತ್ತಿಲ್ಲದೋರ ಪಾಲಾಗುತ್ತಲ್ಲ ಅಂತ ನಂಗೆ ನಿದ್ದೇನೇ ಬಂದಿರ್ಲಿಲ್ಲ. ನಿನ್ನ ಕೈಯಲ್ಲಿ ಅದು ನೆಟ್ಟಗೆ ಹೊಡೆಯುತ್ತೆ, ನೋಡ್ತಿರು. ಆಗ ಎಲ್ರಿಗೂ ಗೊತ್ತಾಗ್ಲಿ, ತಪ್ಪು ಬಂದೂಕಿಂದಲ್ಲ, ಈ ಮುದುಕಂದೇ ಅಂತ.”

ಅದೇ ಖುಷಿಯಲ್ಲಿ ಒಲೆಯ ಮೇಲಿನ ಕೆಟಲ್ ಎತ್ತಿ, ಚಹಾದಂತೆ ಕುಡಿಯುವ ಮಾಟೆ ಸೊಪ್ಪು ತುಂಬಿದ ಸೋರೆಬುರುಡೆಗೆ ಅಂಚಿನವರೆಗೂ ಬಿಸಿನೀರು ಸುರಿದ. ಅದನ್ನು ಹಿಡಿದುಕೊಂಡು ಬಿದ್ದಿದ್ದ ಸಾಮಾನುಗಳನ್ನೆಲ್ಲ ದಾಟಿ ಬಂದು ಓವಿದಿಯೊನ ಮುಂದೆ ಚಾಚಿದ. ಒಂದು ಹನಿಯೂ ಚೆಲ್ಲಿರಲಿಲ್ಲ.

ಓವಿದಿಯೊ ತೆಗೆದುಕೊಂಡ. ಬಿಸಿನೀರು ಅವನ ಬೆರಳುಗಳ ಮೇಲೆಲ್ಲ ತುಳುಕಿತು.

“ಅಯ್ಯೋ,” ರುಫಿನೊ ಅವನ ಕೈಯನ್ನೇ ನೋಡುತ್ತ ಮರುಗಿದ, “ನಿಂಗೂ ಶುರುವಾಯ್ತಾ?”