ನಾಲಿಗೆ ಸಾಹೇಬರ ಷರಾ

ಮೂರನೆಯ ಪೊಟ್ಟಣವೂ ಊಟದ ಡಬ್ಬಿಯ ಚೀಲದೊಳಗೆ ಇಳಿಯಿತು. ಗಾಜಿನ ಗೋಡೆಯ ಈಚೆ ಕೂತ ಮುಖ್ಯಾಧಿಕಾರಿ ಕಣ್ಣು ಮಿಟುಕಿಸದೆ ನೋಡಿದಳು. ಕದಿಯುವವನು ಅತ್ತಿತ್ತ ನೋಡಬೇಕಲ್ಲ? ಈ ಮುದುಕ ಅದನ್ನೂ ಮಾಡಲಿಲ್ಲ. ಚೀಲ ಹೆಗಲಿಗೇರಿಸಿ ನೆಟ್ಟಗೆ ಮನೆಗೆ ಹೊರಟ.

ಸುಂಕದ ಕಚೇರಿಯ ಈ ವಿಭಾಗಕ್ಕೆ ಆಕೆ ಬಂದು ನಾಲ್ಕು ತಿಂಗಳಾಗಿತ್ತು. ಹೊರದೇಶದಿಂದ ಬರುವ ಹಣ್ಣು, ಬೀಜಗಳ ತಿನಿಸಿನ ಪೊಟ್ಟಣ ಯಾವ ವರ್ಗಕ್ಕೆ ಸೇರಿದ್ದೆಂದು ತೀರ್ಮಾನಿಸುವುದು ಇಲ್ಲಿನ ಕೆಲಸ. ಬೀಜ ಹಸಿಯಾದರೆ ಒಂದು ಸುಂಕ, ಹುರಿದದ್ದಾದರೆ ಇನ್ನೊಂದು. ಬೆರಕೆಯಾದರೆ ಯಾವುದು ಹೆಚ್ಚಿದೆಯೋ ಅದರ ಸುಂಕ. ಪ್ರಯೋಗಾಲಯಕ್ಕೆ ಕಳಿಸಿದರೆ ಮೂರು ವಾರ ಬೇಕು. ಇದೇ ಮುದುಕ, ಎಲ್ಲರೂ ನಾಲಿಗೆ ಸಾಹೇಬ ಎನ್ನುವ ರುಚಿ ಪರೀಕ್ಷಕರ ಮುಂದಿಟ್ಟರೆ ಒಂದೇ ದಿನ.

ಆ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಒಂದು ಬೀಜ ಕಚ್ಚಿ, ಪಕ್ಕದ ಸ್ಟೀಲ್ ಬಟ್ಟಲಿಗೆ ಉಗಿದು, ಬಾಯಿ ಮುಕ್ಕಳಿಸಿ ಷರಾ ಬರೆದರೆ ಮುಗಿಯಿತು. ಏನನ್ನೂ ನುಂಗಬಾರದೆಂಬುದು ಇಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ. ಮೂವತ್ತು ವರ್ಷದಲ್ಲಿ ಅವರ ಒಂದು ಷರಾವೂ ಮೇಲ್ಮನವಿಯಲ್ಲಿ ಬಿದ್ದಿರಲಿಲ್ಲ.

ಆದರೆ ಈ ನಾಲ್ಕು ತಿಂಗಳಲ್ಲಿ ಆ ಬಟ್ಟಲು ಒದ್ದೆಯಾದದ್ದನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ. ಕೇಳಿದರೆ ಒಂದೇ ಉತ್ತರ: "ನಾಳೆ ಬೆಳಿಗ್ಗೆ ಬರೆದು ಕೊಡ್ತೀನಿ ಮೇಡಂ." ಬೆಳಿಗ್ಗೆ ಷರಾ ತಯಾರಿರುತ್ತಿತ್ತು. 'ಸಣ್ಣ ಉರಿಯಲ್ಲಿ ಹುರಿದದ್ದು. ಎಣ್ಣೆ ಹಳೆಯದು, ಎರಡನೆಯ ಸಲ ಕಾಯಿಸಿದ್ದು.' ಇಷ್ಟೆಲ್ಲ ಗೊತ್ತಿರಬೇಕಾದರೆ ಒಲೆಯ ಮುಂದೆ ನಿಂತವರೇ ಹೇಳಿರಬೇಕು.

"ಆಮದುದಾರರೇ ಬರೆದು ಕೊಡ್ತಾರೆ. ಇವರು ನಕಲು ಮಾಡ್ತಾರೆ ಅಷ್ಟೇ," ಎಂದು ಗೋದಾಮಿನ ಗುಮಾಸ್ತ ಆಕೆಯ ಕಿವಿ ಕಚ್ಚಿದ್ದ. ಅವನಿಗೂ ಸಾಹೇಬರಿಗೂ ಎಣ್ಣೆ ಸೀಗೆಕಾಯಿ ಎಂಬುದು ಆಕೆಗೆ ಗೊತ್ತಿತ್ತು. ಆದರೂ ಹುಳ ತಲೆಗೆ ಹೊಕ್ಕಾಗಿತ್ತು. ಇದೇ ಗುಮಾಸ್ತ ಒಮ್ಮೆ ಸಾಹೇಬರ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಸುರಿದು ತಮಾಷೆ ನೋಡಲು ಕಾದಿದ್ದ. ಸಾಹೇಬರು ಮುಖ ಕೂಡ ಹಿಂಡದೆ ಲೋಟ ಖಾಲಿ ಮಾಡಿ ಎದ್ದುಹೋಗಿದ್ದರು. ಎಂಥ ಘಾಟಿ ಮನುಷ್ಯ, ಇಂಥವನ ಹೊಟ್ಟೆಯಲ್ಲಿ ಏನಿದೆಯೆಂದು ಯಾರಿಗೆ ತಿಳಿದೀತು ಎಂದುಕೊಂಡಿದ್ದಳು ಆಕೆ.

ತಿಳಿಯಲೇಬೇಕೆಂದು ಹಟ ಹುಟ್ಟಿತು. ಕೆಂಪು ಚೀಟಿ ಅಂಟಿಸಿದ ಬೀರುವಿನಲ್ಲಿ ಮುಟ್ಟುಗೋಲಾದ ಏಪ್ರಿಕಾಟ್ ಬೀಜದ ಮೂಟೆಯಿತ್ತು. ಕಹಿ ಜಾತಿಯದು. ಸಿಪ್ಪೆ ಸುಲಿದರೆ ಥೇಟ್ ಬಾದಾಮಿಯಂತೆಯೇ. ಒಂದು ಹಿಡಿ ಹೊಟ್ಟೆಗೆ ಹೋದರೆ ವಿಷ ಎಂದು ಪ್ರಯೋಗಾಲಯ ಬರೆದು ಕಳಿಸಿತ್ತು. 'ಬಾದಾಮಿ, ಒಣದ್ರಾಕ್ಷಿ' ಎಂದು ಬರೆದ ಪೊಟ್ಟಣವೊಂದನ್ನು ಒಡೆದು, ಅದರ ಸುಲಿದ ಬಾದಾಮಿಯಲ್ಲಿ ಅರ್ಧದಷ್ಟು ತೆಗೆದು, ಸುಲಿದ ಆ ಬೀಜ ತುಂಬಿ, ಆಕೆಯೇ ಮತ್ತೆ ಮೊಹರು ಮಾಡಿದಳು.

ನಿಜವಾಗಿ ಕಚ್ಚಿ ನೋಡುವವರಾದರೆ ಕಹಿ ತಗುಲಿದ ಕೂಡಲೇ ಉಗಿಯುತ್ತಾರೆ. ಕಚ್ಚದಿದ್ದರೆ 'ಬಾದಾಮಿ' ಎಂದು ಬರೆದು ಸಿಕ್ಕಿಬೀಳುತ್ತಾರೆ. ಇದರಲ್ಲಿ ಅಪಾಯವೇನು ಬಂತು? ವಜಾ ಆದೇಶವನ್ನು ಮೊದಲೇ ಟೈಪು ಮಾಡಿಸಿ ಮೇಜಿನ ಖಾನೆಯಲ್ಲಿಟ್ಟಳು. ಸಾಹೇಬರ ನಿವೃತ್ತಿಗೆ ಎರಡೇ ತಿಂಗಳಿತ್ತು.

"ಇದು ತುರ್ತು," ಎಂದು ಪೊಟ್ಟಣ ಅವರ ಕೈಗಿಟ್ಟಳು. "ಯಾವುದು ಎಷ್ಟಿದೆ ಅಂತ ಲೆಕ್ಕ ಸರಿಯಾಗಿ ಬೇಕು. ಒಂದೂ ತಪ್ಪಬಾರದು."

"ಯಾವತ್ತು ತಪ್ಪಿದೆ ಮೇಡಂ? ನಾಳೆ ಬೆಳಿಗ್ಗೆ ಕೊಡ್ತೀನಿ."

ಮರುದಿನ ಹತ್ತು ಗಂಟೆಗೆ ಸರಿಯಾಗಿ ಷರಾ ಮೇಜಿನ ಮೇಲಿತ್ತು. 'ಬೀಜ ಒಟ್ಟು ನೂರ ಹದಿನೆಂಟು. ಬಾದಾಮಿ ಐವತ್ತೇಳು. ಉಳಿದ ಅರವತ್ತೊಂದು ಬಾದಾಮಿಯಲ್ಲ. ಬೇರೆ ಜಾತಿ, ಹಸಿ, ಕಹಿ. ಪೊಟ್ಟಣದ ಮೇಲೆ ಬರೆದದ್ದು ಸುಳ್ಳು.'

ಆಕೆ ಎರಡು ಸಲ ಓದಿದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಬ್ಬ ಗುಮಾಸ್ತನ ಚಾಡಿ ಕೇಳಿ ಚಿನ್ನದಂಥ ಮನುಷ್ಯನನ್ನು ಅನುಮಾನಿಸಿದೆನಲ್ಲ! ಖಾನೆಯಿಂದ ಆದೇಶ ತೆಗೆದು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದಳು. ಎದೆ ಹಗುರಾಯಿತು.

ಸಾಹೇಬರನ್ನು ಒಳಗೆ ಕರೆಸಿ, "ಕೂತ್ಕೊಳ್ಳಿ ಸಾರ್," ಎಂದಳು. ಅವರನ್ನು ಸಾರ್ ಎಂದದ್ದು ಅದೇ ಮೊದಲು. "ಎರಡೂ ನೋಡೋಕೆ ಒಂದೇ ಥರ ಇದ್ವು. ಹೇಗೆ ಬೇರೆ ಮಾಡಿದ್ರಿ?"

"ಒಂದೊಂದನ್ನೂ ಬಾಯಿಗೆ ಹಾಕ್ಕೊಂಡೇ ನೋಡಬೇಕಾಯ್ತು. ನೀವು ಲೆಕ್ಕ ತಪ್ಪಬಾರದು ಅಂದಿದ್ರಲ್ಲ."

"ಉಗಿದ್ರಿ ತಾನೇ?"

ಸಾಹೇಬರು ತಲೆ ತಗ್ಗಿಸಿದರು. ಬುಟ್ಟಿಯಲ್ಲಿ ಬಿದ್ದ ಚೂರುಗಳಲ್ಲಿ ತಮ್ಮ ಹೆಸರನ್ನು ಅವರು ಆಗಲೇ ಓದಿದ್ದರು.

"ಇನ್ನು ಮುಚ್ಚಿಟ್ಟು ಏನಾಗಬೇಕು ಮೇಡಂ. ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಆವತ್ತಿಂದ ನನ್ನ ಬಾಯಿಗೆ ಉಪ್ಪೂ ಒಂದೇ, ಸಕ್ಕರೆಯೂ ಒಂದೇ. ಹೇಳಿದ್ರೆ ಕೆಲಸದಿಂದ ತೆಗೀತಾರೆ ಅಂತ ಬಾಯಿ ಬಿಡಲಿಲ್ಲ. ರುಚಿ ನೋಡೋದೆಲ್ಲ ನನ್ನ ಹೆಂಡತಿ. ಅವಳು ಹೇಳ್ತಾಳೆ, ನಾನು ಬರೀತೀನಿ."

ಆಕೆಯ ಕೈ ಟೆಲಿಫೋನಿನ ಕಡೆಗೆ ಹೋಗಿ ಅರ್ಧಕ್ಕೇ ನಿಂತಿತು.

"ಉಗಿಯೇ ಅಂದ್ರೆ ಕೇಳೋಳಲ್ಲ. ತಿನ್ನೋ ಪದಾರ್ಥ ಉಗೀಬಾರದು ಅಂತಾಳೆ. ನಿನ್ನೆ ಅಷ್ಟು ಕಹಿ ಇದ್ರೂ ನೀರು ಕುಡಿದು ಕುಡಿದು ಒಂದೂ ಬಿಡದೆ ಮುಗಿಸಿದ್ಲು, ಪಾಪ."

"ಅವರು..." ಆಕೆ ಎದ್ದು ನಿಂತಳು. "ಅವರು ಈಗ ಹೇಗಿದ್ದಾರೆ?"

"ತಲೆ ಸುತ್ತುತ್ತೆ ಅಂತ ಬೇಗ ಮಲಗಿದ್ಲು," ಎಂದು ಸಾಹೇಬರು ನಕ್ಕರು. "ನಾನು ಹೊರಡೋ ಹೊತ್ತಿಗೂ ಒಳ್ಳೇ ನಿದ್ದೆ. ಒಂದು ದಿನವಾದ್ರೂ ಮಲಗಲಿ ಅಂತ ಎಬ್ಬಿಸದೆ ಬಂದೆ."